ಪುರುಷರಲ್ಲಿ ಶಿಶ್ನದ ವಕ್ರತೆ: ಸಂಕೋಚ ಬಿಟ್ಟು ತಿಳಿಯಬೇಕಾದ ಸಂಗತಿಗಳು

ಜ್ವರ ಬಂದರೆ ಮನೆಯವರಿಗೆಲ್ಲ ತಿಳಿಯುತ್ತದೆ. ಮೊಣಕಾಲು ನೋವಾದರೆ ಕಟ್ಟೆಯ ಮೇಲೆ ಕುಳಿತು ಹತ್ತು ಜನರ ಮುಂದೆ ಹೇಳಿಕೊಳ್ಳಬಹುದು. ಆದರೆ ಪುರುಷನ ಜನನಾಂಗಕ್ಕೆ ಸಂಬಂಧಿಸಿದ ತೊಂದರೆಯನ್ನು ಹೆಂಡತಿಯ ಮುಂದೆಯೂ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ಉದ್ರೇಕದ ವೇಳೆಯಲ್ಲಿ ಶಿಶ್ನ ಅಸಹಜವಾಗಿ ಬಾಗುವುದು ಇಂಥ ತೊಂದರೆಗಳಲ್ಲಿ ಒಂದು. ಇದು ಪ್ರಾಣಕ್ಕೆ ಅಪಾಯ ತರುವ ರೋಗವಲ್ಲ. ಆದರೂ ದಾಂಪತ್ಯವನ್ನು ಕದಡುವ, ಯುವಕರನ್ನು ಮದುವೆಯಿಂದಲೇ ಹಿಂಜರಿಯುವಂತೆ ಮಾಡುವ, ನಡುವಯಸ್ಸಿನವರನ್ನು ಖಿನ್ನತೆಗೆ ತಳ್ಳುವ ಶಕ್ತಿ ಇದಕ್ಕಿದೆ.

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಂಥ ಹೋಬಳಿ ಕೇಂದ್ರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಇಂಥ ವಿಷಯಕ್ಕಾಗಿ ವೈದ್ಯರ ಬಾಗಿಲು ತಟ್ಟುವುದು ಸುಲಭವಲ್ಲ. ಬಸವಕಲ್ಯಾಣದ ಆಸ್ಪತ್ರೆಯಲ್ಲಿ ಪರಿಚಯದವರು ಸಿಕ್ಕರೆ ಏನು ಹೇಳುವುದು, ಹುಮನಾಬಾದಿಗೆ ಹೋದರೆ ಯಾವ ವೈದ್ಯರನ್ನು ಕಾಣುವುದು ಎಂಬ ಪ್ರಶ್ನೆಗಳಲ್ಲಿಯೇ ತಿಂಗಳುಗಳು ಕಳೆಯುತ್ತವೆ. ಆ ವೇಳೆಗೆ ಹೆದ್ದಾರಿಯ ಬದಿಯ ಗುಡಾರಗಳೂ ಗೋಡೆಯ ಮೇಲಿನ ‘ಗುಪ್ತರೋಗ’ ಜಾಹೀರಾತುಗಳೂ ಕೈಬೀಸಿ ಕರೆಯುತ್ತವೆ. ಬೆಂಗಳೂರು, ಮೈಸೂರುಗಳಂಥ ನಗರಗಳ ವಿದ್ಯಾವಂತರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಅಲ್ಲಿ ಗುಡಾರದ ಸ್ಥಾನವನ್ನು ಮೊಬೈಲಿನ ಪರದೆ ತೆಗೆದುಕೊಂಡಿದೆ, ಅಷ್ಟೆ. ಆದ್ದರಿಂದ ಈ ತೊಂದರೆ ಎಂದರೇನು, ಯಾವುದು ಸಹಜ, ಯಾವುದು ಅಸಹಜ, ಚಿಕಿತ್ಸೆ ಏನಿದೆ ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಉದ್ರೇಕ ಹೇಗೆ ಉಂಟಾಗುತ್ತದೆ?

ಶಿಶ್ನದಲ್ಲಿ ಮೂಳೆಯಾಗಲಿ ಮೃದ್ವಸ್ಥಿಯಾಗಲಿ ಇಲ್ಲ. ಅದರ ಉದ್ದಕ್ಕೂ ಸ್ಪಂಜಿನಂಥ ಅಂಗಾಂಶದ ಎರಡು ಸ್ತಂಭಗಳು ಅಕ್ಕಪಕ್ಕದಲ್ಲಿ ಚಾಚಿಕೊಂಡಿವೆ. ಕೆಳಭಾಗದಲ್ಲಿರುವ ಮೂರನೆಯ ಸ್ತಂಭದೊಳಗೆ ಮೂತ್ರನಾಳ ಹಾದುಹೋಗುತ್ತದೆ. ಮೇಲಿನ ಎರಡು ಸ್ತಂಭಗಳನ್ನು ‘ಟ್ಯೂನಿಕಾ ಆಲ್ಬುಜೀನಿಯಾ’ ಎಂಬ ಬಿಳಿಯ, ಗಟ್ಟಿಯಾದ, ಆದರೆ ಹಿಗ್ಗಬಲ್ಲ ಪೊರೆಯೊಂದು ಸುತ್ತುವರಿದಿದೆ. ಉದ್ರೇಕದ ವೇಳೆ ಈ ಸ್ತಂಭಗಳಿಗೆ ರಕ್ತ ನುಗ್ಗುತ್ತದೆ, ಪೊರೆ ಬಿಗಿಯಾಗುತ್ತದೆ, ರಕ್ತ ಹೊರಗೆ ಹರಿಯುವ ದಾರಿ ಮುಚ್ಚಿಕೊಳ್ಳುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಅಂಗವು ಗಟ್ಟಿಯಾಗುತ್ತದೆ.

ಟ್ಯೂಬಿನ ಒಂದು ಬದಿಗೆ ಗಟ್ಟಿಯಾದ ಪ್ಯಾಚು ಹಾಕಿದರೆ ಏನಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ಗಾಳಿ ತುಂಬಿದಾಗ ಉಳಿದ ಭಾಗ ಹಿಗ್ಗುತ್ತದೆ, ಪ್ಯಾಚು ಇರುವ ಭಾಗ ಹಿಗ್ಗುವುದಿಲ್ಲ. ಪರಿಣಾಮವಾಗಿ ಟ್ಯೂಬು ಪ್ಯಾಚಿನ ಕಡೆಗೆ ಬಾಗುತ್ತದೆ. ಶಿಶ್ನದ ವಕ್ರತೆಯ ಹಿಂದಿರುವ ತತ್ವವೂ ಇದೇ. ಪೊರೆಯ ಒಂದು ಬದಿ ಹುಟ್ಟಿನಿಂದಲೇ ಗಿಡ್ಡವಾಗಿರಬಹುದು, ಇಲ್ಲವೇ ನಂತರದ ದಿನಗಳಲ್ಲಿ ಅಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆದಿರಬಹುದು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಉದ್ರೇಕಗೊಂಡ ಶಿಶ್ನ ಅಳತೆಪಟ್ಟಿಯಂತೆ ನೆಟ್ಟಗಿರಬೇಕೆಂಬ ನಿಯಮವೇನೂ ಇಲ್ಲ. ಎಡಕ್ಕೋ ಬಲಕ್ಕೋ ಮೇಲಕ್ಕೋ ಸ್ವಲ್ಪ ಬಾಗಿರುವುದು ಅನೇಕ ಪುರುಷರಲ್ಲಿ ಸಹಜ. ನೋವಿಲ್ಲದೆ, ಸಂಭೋಗಕ್ಕೆ ಅಡ್ಡಿಯಾಗದೆ, ಹೊಸದಾಗಿ ಕಾಣಿಸಿಕೊಳ್ಳದೆ ಇರುವ ಇಂಥ ಅಲ್ಪ ಬಾಗಿಗೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಸಾಮಾನ್ಯವಾಗಿ 30 ಡಿಗ್ರಿಗಿಂತ ಹೆಚ್ಚು ಬಾಗಿದ್ದರೆ, ಅಥವಾ ಎಷ್ಟೇ ಬಾಗಿದ್ದರೂ ಅದರಿಂದ ನೋವು ಇಲ್ಲವೇ ಅಡಚಣೆ ಇದ್ದರೆ ವೈದ್ಯರನ್ನು ಕಾಣುವುದು ಅಗತ್ಯ.

ಹುಟ್ಟಿನಿಂದ ಬರುವ ವಕ್ರತೆ

ಕೆಲವು ಗಂಡುಮಕ್ಕಳಲ್ಲಿ ಗರ್ಭದಲ್ಲಿರುವಾಗಲೇ ಶಿಶ್ನದ ಪೊರೆ ಅಸಮವಾಗಿ ಬೆಳೆಯುತ್ತದೆ. ಇಂಥವರಲ್ಲಿ ಶಿಶ್ನ ಹೆಚ್ಚಾಗಿ ಕೆಳಮುಖವಾಗಿ ಬಾಗುತ್ತದೆ, ಕೆಲವರಲ್ಲಿ ಬದಿಗೆ. ಚಿಕ್ಕವರಿದ್ದಾಗ ಇದು ಗಮನಕ್ಕೆ ಬರುವುದು ಕಡಿಮೆ. ಹರೆಯದಲ್ಲಿ ಪೂರ್ಣ ಉದ್ರೇಕ ಉಂಟಾದಾಗಲೇ ತಿಳಿಯುತ್ತದೆ. ಇಲ್ಲಿ ಗಂಟು ಇರುವುದಿಲ್ಲ, ಸಾಮಾನ್ಯವಾಗಿ ನೋವೂ ಇರುವುದಿಲ್ಲ. ವಯಸ್ಸಾದಂತೆ ಬಾಗು ಹೆಚ್ಚುತ್ತ ಹೋಗುವುದೂ ಇಲ್ಲ. ಹಾಗೆಯೇ ತಾನಾಗಿಯೇ ನೇರವಾಗುವುದೂ ಇಲ್ಲ.

ಇದರ ಜೊತೆಗೆ ಬರಬಹುದಾದ ಇನ್ನೊಂದು ದೋಷ ‘ಹೈಪೋಸ್ಪೇಡಿಯಾಸ್’. ಮೂತ್ರದ್ವಾರವು ಶಿಶ್ನದ ತುದಿಯಲ್ಲಿರದೆ ಕೆಳಭಾಗದಲ್ಲಿ ತೆರೆದುಕೊಂಡಿರುವುದೇ ಈ ದೋಷ. ಗಂಡುಶಿಶುಗಳಲ್ಲಿ ಕಾಣುವ ಸಾಮಾನ್ಯ ಜನ್ಮದೋಷಗಳಲ್ಲಿ ಇದೂ ಒಂದು. ಮಗುವಿನ ಮೂತ್ರದ ಧಾರೆ ಮುಂದಕ್ಕೆ ಬೀಳದೆ ಕೆಳಗೆ ಬೀಳುತ್ತಿದ್ದರೆ, ಮುಂದೊಗಲು ಮೇಲ್ಭಾಗದಲ್ಲಿ ಮಾತ್ರ ಟೋಪಿಯಂತಿದ್ದರೆ ತಾಯಿತಂದೆಯರು ತಡಮಾಡದೆ ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಬೇಕು. ಈ ಶಸ್ತ್ರಚಿಕಿತ್ಸೆಗೆ ಆರರಿಂದ ಹದಿನೆಂಟು ತಿಂಗಳ ನಡುವಿನ ವಯಸ್ಸು ಸೂಕ್ತವೆಂದು ಪರಿಗಣಿಸಲಾಗಿದೆ.

ಈ ಸಂದರ್ಭದಲ್ಲಿ ಒಂದು ಮುಖ್ಯ ಎಚ್ಚರಿಕೆ ಇದೆ. ಹೊಸ ಮೂತ್ರನಾಳವನ್ನು ರಚಿಸಲು ಅಥವಾ ಚರ್ಮದ ಕೊರತೆಯನ್ನು ತುಂಬಲು ಶಸ್ತ್ರವೈದ್ಯರು ಮುಂದೊಗಲನ್ನೇ ಬಳಸಬೇಕಾಗಬಹುದು. ಆದ್ದರಿಂದ ಇಂಥ ಮಗುವಿಗೆ ಖತ್ನಾ ಅಥವಾ ಸುನ್ನತಿ ಮಾಡಿಸುವ ಪದ್ಧತಿಯಿದ್ದರೆ, ಅದಕ್ಕೆ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಒಮ್ಮೆ ತೆಗೆದ ಚರ್ಮ ಮತ್ತೆ ಸಿಗುವುದಿಲ್ಲ.

ನಡುವಯಸ್ಸಿನಲ್ಲಿ ಬರುವ ಪೆರೋನಿ ರೋಗ

ಮೊದಲು ನೆಟ್ಟಗಿದ್ದ ಅಂಗ ನಂತರ ಬಾಗತೊಡಗಿದರೆ ಅದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ‘ಪೆರೋನಿ ರೋಗ’. ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಶಸ್ತ್ರವೈದ್ಯನಾಗಿದ್ದ ಫ್ರಾನ್ಸ್ವಾ ಜಿಗೋ ದ ಲಾ ಪೆರೋನಿ 1743ರಲ್ಲಿ ಇದನ್ನು ವಿವರಿಸಿದನು. ಜಪಮಾಲೆಯ ಮಣಿಗಳಂತೆ ಶಿಶ್ನದ ಉದ್ದಕ್ಕೂ ಕೈಗೆ ಸಿಗುವ ಗಂಟುಗಳ ಬಗ್ಗೆ ಆತ ಬರೆದಿದ್ದನು. ಬರೇಜ್ ಎಂಬಲ್ಲಿನ ಖನಿಜಯುಕ್ತ ಬಿಸಿನೀರಿನ ಚಿಲುಮೆಯೇ ಆತ ಸೂಚಿಸಿದ ಮದ್ದು. ಮೂರು ಶತಮಾನಗಳ ಸಮೀಪ ಬಂದಿದ್ದರೂ ಈ ರೋಗಕ್ಕೆ ನುಂಗುವ ಮಾತ್ರೆಯಾಗಿ ಖಚಿತ ಮದ್ದು ದೊರೆತಿಲ್ಲ ಎಂಬುದು ಗಮನಾರ್ಹ.

ಹೆಚ್ಚಾಗಿ 40ರಿಂದ 65ರ ವಯೋಮಾನದವರಲ್ಲಿ ಇದು ಕಾಣಿಸುತ್ತದೆ. ಯುವಕರಿಗೆ ಬರುವುದೇ ಇಲ್ಲವೆಂದಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳು ನೂರರಲ್ಲಿ ಮೂರರಿಂದ ಒಂಬತ್ತು ಪುರುಷರಿಗೆ ಇದು ಇರಬಹುದೆಂದು ಹೇಳುತ್ತವೆ. ಹೇಳಿಕೊಳ್ಳದವರ ಸಂಖ್ಯೆ ಹೆಚ್ಚಿರುವುದರಿಂದ ನಿಖರ ಲೆಕ್ಕ ಕಷ್ಟ.

ಸಂಭೋಗದ ವೇಳೆ ಅಥವಾ ಇತರ ಸಂದರ್ಭಗಳಲ್ಲಿ ಅಂಗ ಮಡಚಿದಂತಾಗಿ ಪೊರೆಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ. ಬಹುಪಾಲು ಜನರಲ್ಲಿ ಇದು ವಾಸಿಯಾಗುತ್ತದೆ. ಕೆಲವರಲ್ಲಿ ಮಾತ್ರ ವಾಸಿಯಾಗುವ ಪ್ರಕ್ರಿಯೆ ಹಳಿತಪ್ಪಿ, ಅಲ್ಲಿ ನಾರಿನಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಎಷ್ಟೋ ಮಂದಿಗೆ ಪೆಟ್ಟು ಬಿದ್ದ ನೆನಪೇ ಇರುವುದಿಲ್ಲ. ಮಧುಮೇಹ ಇರುವವರಲ್ಲಿ ಈ ತೊಂದರೆ ಹೆಚ್ಚು. ಅಂಗೈಯ ನರಿಗೆಗಳು ಗಟ್ಟಿಯಾಗಿ ಬೆರಳು ಮಡಚಿಕೊಳ್ಳುವ ‘ಡ್ಯುಪ್ವಿತ್ರಾ’ ತೊಂದರೆ ಇರುವವರಲ್ಲಿ ಹಾಗೂ ಕುಟುಂಬದಲ್ಲಿ ಈ ರೋಗ ಇದ್ದವರಲ್ಲಿ ಸಹ ಸಾಧ್ಯತೆ ಹೆಚ್ಚು.

ಎರಡು ಹಂತಗಳು

ಈ ರೋಗಕ್ಕೆ ಎರಡು ಹಂತಗಳಿವೆ. ಚಿಕಿತ್ಸೆಯ ನಿರ್ಧಾರ ಇದನ್ನೇ ಅವಲಂಬಿಸಿರುವುದರಿಂದ ಇದನ್ನು ಅರಿಯುವುದು ಮುಖ್ಯ.

ಮೊದಲನೆಯದು ಸಕ್ರಿಯ ಹಂತ. ಉದ್ರೇಕದ ವೇಳೆ, ಕೆಲವೊಮ್ಮೆ ಉದ್ರೇಕವಿಲ್ಲದಾಗಲೂ ನೋವು ಇರುತ್ತದೆ. ಚರ್ಮದ ಕೆಳಗೆ ಗಂಟು ಅಥವಾ ಪಟ್ಟಿ ಕೈಗೆ ಸಿಗುತ್ತದೆ. ಬಾಗು ದಿನದಿಂದ ದಿನಕ್ಕೆ ಬದಲಾಗುತ್ತ ಹೋಗುತ್ತದೆ. ಈ ಹಂತ ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ನಡೆಯುತ್ತದೆ.

ಎರಡನೆಯದು ಸ್ಥಿರ ಹಂತ. ನೋವು ಬಹುಪಾಲು ಜನರಲ್ಲಿ ಇಳಿದುಹೋಗುತ್ತದೆ, ಬಾಗು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಂಗದ ಉದ್ದ ಕಡಿಮೆಯಾಗುವುದು, ಒಂದು ಕಡೆ ಡಮರುವಿನ ನಡುವಿನಂತೆ ಸಣ್ಣಗಾಗುವುದು, ಉದ್ರೇಕ ಸಾಕಷ್ಟು ಗಟ್ಟಿಯಾಗದಿರುವುದು ಜೊತೆಗೂಡಬಹುದು.

‘ಹಾಗೆಯೇ ಬಿಟ್ಟರೆ ಸರಿಹೋಗುತ್ತದೆಯೇ?’ ಎಂದು ಕೇಳುವವರುಂಟು. ಅಮೆರಿಕದಲ್ಲಿ ಚಿಕಿತ್ಸೆ ಪಡೆಯದ 246 ರೋಗಿಗಳನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬಾಗು ತಾನಾಗಿ ಕಡಿಮೆಯಾದವರು ಶೇ. 12ರಷ್ಟು ಮಾತ್ರ. ಶೇ. 40ರಷ್ಟು ಮಂದಿಯಲ್ಲಿ ಇದ್ದಂತೆಯೇ ಉಳಿಯಿತು. ಶೇ. 48ರಷ್ಟು ಮಂದಿಯಲ್ಲಿ ಹೆಚ್ಚಿತು. ನೋವು ಹೋಯಿತೆಂದರೆ ರೋಗ ಹೋಯಿತು ಎಂದು ತಿಳಿಯುವುದು ಆದ್ದರಿಂದ ತಪ್ಪು.

ತಪ್ಪು ನಂಬಿಕೆಗಳು

ಹಸ್ತಮೈಥುನದಿಂದಲೇ ಅಂಗ ಬಾಗಿತೆಂಬ ಅಪರಾಧಪ್ರಜ್ಞೆಯಲ್ಲಿ ಬೇಯುವ ಯುವಕರು ಅಸಂಖ್ಯ. ಹುಟ್ಟಿನಿಂದ ಬಂದ ವಕ್ರತೆಗೂ ಹಸ್ತಮೈಥುನಕ್ಕೂ ಸಂಬಂಧವಿಲ್ಲ. ‘ಧಾತು’ ನಷ್ಟದಿಂದ ನರ ಸಡಿಲವಾಗಿ ಅಂಗ ವಕ್ರವಾಗುತ್ತದೆ ಎಂಬುದೂ ಆಧಾರವಿಲ್ಲದ ಮಾತು. ಧಾತು ನಷ್ಟದ ಭಯವೇ ಒಂದು ಮಾನಸಿಕ ತೊಂದರೆಯೆಂದು ಗುರುತಿಸಿ ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು.

ಪೆರೋನಿ ರೋಗ ಕ್ಯಾನ್ಸರ್ ಅಲ್ಲ. ಅದು ಅಂಟುರೋಗವೂ ಅಲ್ಲ, ಪರಸ್ತ್ರೀ ಸಂಗದಿಂದ ಬರುವ ಲೈಂಗಿಕ ರೋಗವೂ ಅಲ್ಲ. ಗಂಡನಲ್ಲಿ ಇದು ಕಾಣಿಸಿಕೊಂಡಾಗ ಹೆಂಡತಿ ಸಂಶಯಪಡಬೇಕಾದ ಕಾರಣವಿಲ್ಲ. ಆದರೆ ಶಿಶ್ನದ ಚರ್ಮದ ಮೇಲೆ ವಾಸಿಯಾಗದ ಹುಣ್ಣು, ಗಡ್ಡೆ ಅಥವಾ ರಕ್ತಸ್ರಾವ ಕಂಡರೆ ಅದು ಬೇರೆಯೇ ವಿಷಯ. ಅದನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು.

ಎಣ್ಣೆ, ಲೇಪ, ಪಟ್ಟಿ, ಭಸ್ಮಗಳಿಂದ ಅಂಗವನ್ನು ನೇರಮಾಡುತ್ತೇವೆ ಎನ್ನುವವರ ಬಗ್ಗೆ ಕಾನೂನೇ ಎಚ್ಚರಿಸಿದೆ. 1945ರ ಔಷಧ ನಿಯಮಾವಳಿಯ ‘ಜೆ’ ಅನುಸೂಚಿಯಲ್ಲಿರುವ ತೊಂದರೆಗಳನ್ನು ತಡೆಯುತ್ತೇವೆ ಅಥವಾ ಗುಣಪಡಿಸುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಲೈಂಗಿಕ ಅಂಗದ ಗಾತ್ರ ಮತ್ತು ಆಕಾರದ ಸುಧಾರಣೆ ಆ ಪಟ್ಟಿಯಲ್ಲಿದೆ. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುವ ಮದ್ದುಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಗೋಡೆಯ ಮೇಲೆ ಬರೆದಿರುವುದೆಲ್ಲ ಕಾನೂನುಬದ್ಧವಲ್ಲ. ಗಂಟನ್ನು ತಿಕ್ಕಿ ಕರಗಿಸುತ್ತೇವೆಂದು ಬಲವಾಗಿ ನೀವಿಸಿಕೊಳ್ಳುವುದರಿಂದ ಪೊರೆಗೆ ಮತ್ತಷ್ಟು ಪೆಟ್ಟಾಗುವ ಅಪಾಯವಿದೆ.

ತಪಾಸಣೆ ಹೇಗಿರುತ್ತದೆ?

ವೈದ್ಯರು ಮೊದಲು ಕೇಳುವುದು ಕೆಲವೇ ಪ್ರಶ್ನೆಗಳು: ಯಾವಾಗ ಆರಂಭವಾಯಿತು? ನೋವಿದೆಯೇ? ಬಾಗು ಹೆಚ್ಚುತ್ತಿದೆಯೇ, ನಿಂತಿದೆಯೇ? ಉದ್ರೇಕ ಗಟ್ಟಿಯಾಗುತ್ತದೆಯೇ? ಸಂಭೋಗ ಸಾಧ್ಯವೇ? ಮಧುಮೇಹ, ರಕ್ತದೊತ್ತಡ ಇವೆಯೇ? ಬಳಿಕ ಕೈಯಿಂದ ಮುಟ್ಟಿ ಗಂಟನ್ನು ಗುರುತಿಸುತ್ತಾರೆ. ಬಹಳ ಬಾರಿ ರೋಗನಿರ್ಣಯಕ್ಕೆ ಇಷ್ಟೇ ಸಾಕು.

ಉದ್ರೇಕಗೊಂಡ ಸ್ಥಿತಿಯಲ್ಲಿ ಮೇಲಿನಿಂದ ಮತ್ತು ಬದಿಯಿಂದ ಮನೆಯಲ್ಲಿಯೇ ತೆಗೆದ ಚಿತ್ರ ವೈದ್ಯರಿಗೆ ಉಪಯುಕ್ತ. ಮುಖ ಕಾಣದಂತೆ ತೆಗೆದು, ವೈದ್ಯರಿಗೆ ತೋರಿಸಿದ ಬಳಿಕ ಅಳಿಸಿಹಾಕಬೇಕು. ಯಾರಿಗೂ ಕಳುಹಿಸಬಾರದು. ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆಯ ಆಲೋಚನೆ ಇದ್ದಲ್ಲಿ, ಆಸ್ಪತ್ರೆಯಲ್ಲಿ ಔಷಧ ಚುಚ್ಚಿ ಕೃತಕವಾಗಿ ಉದ್ರೇಕ ಉಂಟುಮಾಡಿ ಕೋನವನ್ನು ಅಳೆಯುತ್ತಾರೆ. ರಕ್ತಸಂಚಾರ ತಿಳಿಯಲು ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಉದ್ರೇಕದ ದೌರ್ಬಲ್ಯವೂ ಇದ್ದರೆ ರಕ್ತದ ಸಕ್ಕರೆ, ಕೊಬ್ಬು, ರಕ್ತದೊತ್ತಡಗಳ ಪರೀಕ್ಷೆ ಅಗತ್ಯ. ಹೃದಯದ ರಕ್ತನಾಳಗಳ ರೋಗ ಕೆಲವರಲ್ಲಿ ಮೊದಲು ಸುಳಿವು ಕೊಡುವುದು ಇಲ್ಲಿಯೇ.

ಚಿಕಿತ್ಸೆಯ ದಾರಿಗಳು

ಬಾಗು ಕಡಿಮೆಯಿದ್ದು ದಾಂಪತ್ಯಕ್ಕೆ ಅಡ್ಡಿಯಿಲ್ಲದಿದ್ದರೆ ಧೈರ್ಯ ಹೇಳುವುದೇ ಚಿಕಿತ್ಸೆ. ಸಕ್ರಿಯ ಹಂತದ ನೋವಿಗೆ ಸಾಮಾನ್ಯ ನೋವುನಿವಾರಕಗಳನ್ನು ಕೊಡುತ್ತಾರೆ.

ಮಾತ್ರೆಗಳು: ವಿಟಮಿನ್ ‘ಇ’ ಮಾತ್ರೆಯನ್ನು ಬಹುಕಾಲದಿಂದ ಕೊಡುತ್ತ ಬರಲಾಗಿದೆ. ಆದರೆ ಅಮೆರಿಕದ ಮೂತ್ರಶಾಸ್ತ್ರ ಸಂಘದ 2015ರ ಮಾರ್ಗಸೂಚಿಯು ವಿಟಮಿನ್ ‘ಇ’, ಟ್ಯಾಮೋಕ್ಸಿಫೆನ್, ಒಮೆಗಾ-3 ಮುಂತಾದವನ್ನು ಈ ರೋಗಕ್ಕೆ ಕೊಡಬಾರದೆಂದು ಹೇಳಿದೆ. ಅವುಗಳಿಂದ ಬಾಗು ಕಡಿಮೆಯಾಗುವುದೆಂಬುದಕ್ಕೆ ಆಧಾರ ದೊರೆತಿಲ್ಲ. ಹೊರಗಿನಿಂದ ಕೊಡುವ ಆಘಾತ ತರಂಗಗಳ ಚಿಕಿತ್ಸೆ ನೋವನ್ನು ತಗ್ಗಿಸಬಹುದೇ ಹೊರತು ಬಾಗನ್ನು ಸರಿಪಡಿಸುವುದಿಲ್ಲ.

ಚುಚ್ಚುಮದ್ದು: ಗಂಟಿನೊಳಕ್ಕೇ ಔಷಧ ಚುಚ್ಚುವ ವಿಧಾನವಿದು. ವೆರಾಪಮಿಲ್, ಇಂಟರ್‌ಫೆರಾನ್ ಬಳಕೆಯಲ್ಲಿವೆ. ಗಂಟಿನ ಕೊಲಾಜೆನ್ ಎಂಬ ನಾರನ್ನು ಕರಗಿಸುವ ‘ಕೊಲಾಜಿನೇಸ್’ ಕಿಣ್ವಕ್ಕೆ ಅಮೆರಿಕದ ಔಷಧ ಪ್ರಾಧಿಕಾರ 2013ರ ಡಿಸೆಂಬರ್‌ನಲ್ಲಿ ಈ ರೋಗಕ್ಕಾಗಿ ಅನುಮತಿ ನೀಡಿತು. ಕೈಗೆ ಸಿಗುವ ಗಂಟು ಹಾಗೂ 30 ಡಿಗ್ರಿ ಇಲ್ಲವೇ ಅದಕ್ಕಿಂತ ಹೆಚ್ಚಿನ ಬಾಗು ಇದ್ದವರಿಗೆ ಇದು. ಪ್ರಯೋಗಗಳಲ್ಲಿ ಬಾಗು ಸರಾಸರಿ ಶೇ. 34ರಷ್ಟು ಕಡಿಮೆಯಾಯಿತು. ಹುಸಿಮದ್ದು ಪಡೆದವರಲ್ಲಿ ಶೇ. 18ರಷ್ಟು. ಎಂದರೆ ಉಪಯೋಗ ಉಂಟು, ಪವಾಡವಿಲ್ಲ. ಅಪರೂಪಕ್ಕೆ ಪೊರೆ ಹರಿಯುವ ಅಪಾಯವೂ ಇರುವುದರಿಂದ ಅನುಭವಿ ತಜ್ಞರೇ ಇದನ್ನು ಕೊಡಬೇಕು.

ಎಳೆತದ ಉಪಕರಣ: ಅಂಗವನ್ನು ಮೆಲ್ಲಗೆ ಎಳೆದು ಹಿಡಿಯುವ ಉಪಕರಣವನ್ನು ದಿನವೂ ನಿಗದಿತ ಹೊತ್ತು, ಹಲವು ತಿಂಗಳು ಧರಿಸಬೇಕು. ತಾಳ್ಮೆಯಿಂದ ಬಳಸಿದವರಲ್ಲಿ ಬಾಗು ಮತ್ತು ಉದ್ದ ಎರಡರಲ್ಲೂ ಸ್ವಲ್ಪ ಸುಧಾರಣೆ ಕಂಡಿದೆ. ವೈದ್ಯರ ಸಲಹೆಯಿಲ್ಲದೆ ಸಿಕ್ಕ ಉಪಕರಣ ತರಿಸಿಕೊಳ್ಳಬಾರದು.

ಶಸ್ತ್ರಚಿಕಿತ್ಸೆ: ಬಾಗನ್ನು ಹೆಚ್ಚು ಖಚಿತವಾಗಿ ಸರಿಪಡಿಸುವ ಮಾರ್ಗ ಇದೇ. ಆದರೆ ಪೆರೋನಿ ರೋಗದಲ್ಲಿ ಆತುರ ಸಲ್ಲದು. ರೋಗ ಆರಂಭವಾಗಿ ಸುಮಾರು ಒಂದು ವರ್ಷ ಕಳೆದು, ಕನಿಷ್ಠ ಮೂರರಿಂದ ಆರು ತಿಂಗಳು ಬಾಗು ಬದಲಾಗದೆ ನಿಂತಿರಬೇಕು. ಮುಖ್ಯವಾಗಿ ಮೂರು ಬಗೆಗಳಿವೆ.

ಮೊದಲನೆಯದು, ಬಾಗಿದ ಕಡೆಯ ಎದುರು ಬದಿಯ ಪೊರೆಯನ್ನು ಮಡಚಿ ಹೊಲಿದು ಎರಡೂ ಬದಿಗಳನ್ನು ಸಮಮಾಡುವುದು. ಅಂಗಿಯ ಒಂದು ಬದಿ ಉದ್ದವಾಗಿದ್ದರೆ ದರ್ಜಿ ನೆರಿಗೆ ಹಿಡಿಯುವಂತೆ ಇದು. ಪೊರೆಯ ತುಣುಕನ್ನು ಕತ್ತರಿಸಿ ಹೊಲಿಯುವ ವಿಧಾನವನ್ನು ಅಮೆರಿಕದ ರೀಡ್ ನೆಸ್ಬಿಟ್ 1965ರಲ್ಲಿ ಹುಟ್ಟಿನ ವಕ್ರತೆಗಾಗಿ ವಿವರಿಸಿದರು. ಫಲಿತಾಂಶ ಚೆನ್ನಾಗಿರುತ್ತದೆ, ಆದರೆ ಉದ್ದ ಸ್ವಲ್ಪ ಕಡಿಮೆಯಾಗುತ್ತದೆ. ಇದನ್ನು ರೋಗಿಗೆ ಮೊದಲೇ ತಿಳಿಸಬೇಕು.

ಎರಡನೆಯದು, ಗಟ್ಟಿಯಾದ ಭಾಗವನ್ನು ಸೀಳಿ ಅಥವಾ ತೆಗೆದು ಬೇರೆ ಅಂಗಾಂಶದ ತೇಪೆ ಹಾಕುವುದು. ಸುಮಾರು 60 ಡಿಗ್ರಿಗಿಂತ ಹೆಚ್ಚು ಬಾಗು ಇದ್ದವರಿಗೆ ಇದು ಸೂಕ್ತ. ಇದರಿಂದ ಉದ್ರೇಕದ ದೌರ್ಬಲ್ಯ ಉಂಟಾಗುವ ಸಂಭವ ಮೊದಲ ವಿಧಾನಕ್ಕಿಂತ ಹೆಚ್ಚು.

ಮೂರನೆಯದು, ಮಾತ್ರೆಗಳಿಗೂ ಜಗ್ಗದ ಉದ್ರೇಕದ ದೌರ್ಬಲ್ಯ ಜೊತೆಗಿರುವವರಿಗೆ ಕೃತಕ ಉಪಕರಣವನ್ನು ಒಳಗೆ ಅಳವಡಿಸುವುದು.

ಹುಟ್ಟಿನಿಂದ ಬಂದ ವಕ್ರತೆಗೆ ಮಾತ್ರೆ, ಚುಚ್ಚುಮದ್ದುಗಳಿಂದ ಪ್ರಯೋಜನವಿಲ್ಲ. ಅಗತ್ಯವಿದ್ದರೆ ಹರೆಯದ ಬೆಳವಣಿಗೆ ಮುಗಿದ ಬಳಿಕ ಶಸ್ತ್ರಚಿಕಿತ್ಸೆಯೊಂದೇ ದಾರಿ. ಮದುವೆ ಗೊತ್ತಾದ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡಿಸಿಕೊಳ್ಳುವುದು ಲೇಸು. ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಆರು ವಾರಗಳವರೆಗೆ ಸಂಭೋಗದಿಂದ ದೂರವಿರಬೇಕಾಗುತ್ತದೆ.

ಇವು ತುರ್ತು ಸಂದರ್ಭಗಳು

ಸಂಭೋಗದ ವೇಳೆ ‘ಟಕ್’ ಎಂಬ ಸದ್ದಾಗಿ, ಕೂಡಲೇ ಉದ್ರೇಕ ಇಳಿದು, ತೀವ್ರ ನೋವಿನೊಡನೆ ಅಂಗ ಊದಿ ನೇರಳೆ ಬಣ್ಣಕ್ಕೆ ತಿರುಗಿದರೆ ಪೊರೆ ಹರಿದಿದೆ ಎಂದರ್ಥ. ಮೂತ್ರದಲ್ಲಿ ರಕ್ತ ಕಂಡರೆ ಮೂತ್ರನಾಳಕ್ಕೂ ಪೆಟ್ಟಾಗಿರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ತಕ್ಷಣ ಹೊಲಿದರೆ ಮುಂದೆ ವಕ್ರತೆ ಉಳಿಯುವ ಸಂಭವ ಕಡಿಮೆ. ಹಾಗೆಯೇ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಉದ್ರೇಕ ಇಳಿಯದಿದ್ದರೂ ಅದು ತುರ್ತು ಸ್ಥಿತಿಯೇ. ಎರಡೂ ಸಂದರ್ಭಗಳಲ್ಲಿ 108 ಆಂಬುಲೆನ್ಸ್ ಕರೆಯಲು ನಾಚಿಕೆಪಡಬೇಕಾಗಿಲ್ಲ.

ಯಾರನ್ನು ಕಾಣಬೇಕು?

ಈ ತೊಂದರೆಗೆ ತಜ್ಞರೆಂದರೆ ಮೂತ್ರಶಾಸ್ತ್ರಜ್ಞರು, ಎಂದರೆ ಯುರಾಲಜಿಸ್ಟ್. ಚರ್ಮವೈದ್ಯರೂ ಅಲ್ಲ, ‘ಸೆಕ್ಸ್ ಸ್ಪೆಷಲಿಸ್ಟ್’ ಎಂಬ ಫಲಕ ಹಾಕಿಕೊಂಡವರೆಲ್ಲರೂ ಅಲ್ಲ. ಮಂಠಾಳದ ರೋಗಿಗೆ ಮೊದಲ ಮೆಟ್ಟಿಲು ಬಸವಕಲ್ಯಾಣ ಅಥವಾ ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಯ ವೈದ್ಯರು. ಅಲ್ಲಿ ಕೇಳಿ ಪಡೆಯಬೇಕಾದದ್ದು ಒಂದು ಚೀಟಿ, ಮುಂದಿನ ತಜ್ಞರಿಗೆ ಶಿಫಾರಸು. ಬೀದರಿನಲ್ಲಿ ಬ್ರಿಮ್ಸ್, ಕಲಬುರಗಿಯಲ್ಲಿ ಜಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಹುಮನಾಬಾದಿನ ಮೂಲಕ ಆರಂಭವಾದ ಮೇಲೆ ಎರಡೂ ಕಡೆಗೆ ಪಯಣ ಸುಲಭವಾಗಿದೆ. ಹೆದ್ದಾರಿಯಲ್ಲಿ ಪೂರ್ವಕ್ಕೆ ಹೈದರಾಬಾದ್, ಪಶ್ಚಿಮಕ್ಕೆ ಸೊಲ್ಲಾಪುರ ಇವೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ–ಯುರಾಲಜಿ ಸಂಸ್ಥೆ ಮೂತ್ರಾಂಗದ ರೋಗಗಳಿಗೇ ಮೀಸಲಾದದ್ದು.

ವೈದ್ಯರ ಮುಂದೆ ಏನು ಹೇಳುವುದೆಂದು ತೋಚದಿದ್ದರೆ ಒಂದೇ ವಾಕ್ಯ ಸಾಕು: ‘ಉದ್ರೇಕವಾದಾಗ ಅಂಗ ಬಾಗುತ್ತದೆ, ಇಷ್ಟು ತಿಂಗಳಾಯಿತು.’ ಉಳಿದದ್ದನ್ನು ಅವರೇ ಕೇಳುತ್ತಾರೆ. ರೋಗಿಯ ಗುಟ್ಟನ್ನು ಕಾಯುವುದು ವೈದ್ಯರ ಕರ್ತವ್ಯ.

ಮನಸ್ಸಿನ ಮಾತು

ಅಂಗಕ್ಕಿಂತ ಹೆಚ್ಚಾಗಿ ಬಾಗುವುದು ಮನಸ್ಸು. ಪೆರೋನಿ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳಿರುವುದನ್ನು ಅಧ್ಯಯನಗಳು ಗುರುತಿಸಿವೆ. ಗಂಡ ಕಾರಣ ಹೇಳದೆ ದೂರ ಸರಿದಾಗ ಹೆಂಡತಿ ತನ್ನಲ್ಲೇ ಕೊರತೆಯಿದೆಯೆಂದು ಕೊರಗುತ್ತಾಳೆ, ಇಲ್ಲವೇ ಗಂಡನ ಮೇಲೆ ಸಂಶಯ ತಾಳುತ್ತಾಳೆ. ಒಂದು ಮಾತಿನಿಂದ ಬಗೆಹರಿಯಬಹುದಾದದ್ದು ವರ್ಷಗಳ ಮೌನವಾಗುತ್ತದೆ. ಸಾಧ್ಯವಿದ್ದರೆ ದಂಪತಿಗಳಿಬ್ಬರೂ ಕೂಡಿ ವೈದ್ಯರನ್ನು ಕಾಣುವುದು ಒಳ್ಳೆಯದು. ಜೀವನವೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆ ಕನ್ನಡದಲ್ಲಿಯೂ ಇದೆ.

ನೆನಪಿಡಬೇಕಾದದ್ದು ಇಷ್ಟು. ಅಲ್ಪ ಬಾಗು ಸಹಜ. ಹುಟ್ಟಿನಿಂದ ಬಂದ ಬಾಗಿಗೆ ಯಾರ ತಪ್ಪೂ ಕಾರಣವಲ್ಲ. ಹೊಸದಾಗಿ ಬಂದ ಬಾಗು, ಗಂಟು, ನೋವುಗಳನ್ನು ಬೇಗನೆ ತೋರಿಸಿಕೊಳ್ಳಬೇಕು. ಚಿಕಿತ್ಸೆಯ ದಾರಿಯನ್ನು ಗೋಡೆಯ ಬರಹ ನೋಡಿ ಆರಿಸಿಕೊಳ್ಳಬಾರದು, ತಜ್ಞರನ್ನು ಕೇಳಿ ಆರಿಸಿಕೊಳ್ಳಬೇಕು. ನಾಚಿಕೆಯಿಂದ ಈ ರೋಗ ವಾಸಿಯಾದ ನಿದರ್ಶನ ಇಲ್ಲ.